ಹನ್ನೆರಡನೆಯ ಕೇಳುಗರ ಹಾಳೆ

ಇಡೀ ಪ್ರಕರಣ ನಲವತ್ತೊಂದು ದಿನಗಳದ್ದು. ಮೊದಲನೆಯ ದಿನ, ಸೋಮವಾರ, ಆ ಪದ ನನ್ನ ಮೇಜಿಗೆ ಬಂತು. ಒಂಬತ್ತನೆಯ ದಿನ ನನ್ನ ಸೋದರತ್ತೆ ಕೇಳುಗರಾಗಿ ನಮ್ಮ ಕಚೇರಿಗೆ ಬಂದಳು. ಹನ್ನೆರಡನೆಯ ದಿನ ಅವಳ ಹಾಳೆಯ ಪ್ರತಿಗಳು ಅಂಚೆಗೆ ಹೋದವು. ಹದಿನಾರನೆಯ ದಿನ ಅವಳನ್ನು ಕೆಲಸದಿಂದ ಒಂದು ವಾರದ ಮಟ್ಟಿಗೆ ಮನೆಗೆ ಕಳುಹಿಸಿದರು. ಇಪ್ಪತ್ತಮೂರನೆಯ ದಿನ ಇನ್ನೊಂದು ವಾರಕ್ಕೆ. ಮೂವತ್ತನೆಯ ದಿನ ಶಾಶ್ವತವಾಗಿ. ಮೂವತ್ತಮೂರನೆಯ ದಿನ ಅವಳು ನಮ್ಮ ಮನೆ ಬಿಟ್ಟಳು. ನಲವತ್ತೊಂದನೆಯ ದಿನ, ಶನಿವಾರ, ಸಮಿತಿ ಸೇರಿತು.

ನಮ್ಮ ಕಚೇರಿ ಪೀಠೋಪಕರಣದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಎರಡು ಕೋಣೆ, ಹದಿನಾಲ್ಕು ಉಕ್ಕಿನ ಕಪಾಟು, ಸದಾ ಕೆಳಗಿನಿಂದ ಏರಿಬರುವ ವಾರ್ನಿಷ್ ವಾಸನೆ. ಬಹಳ ಹಿಂದೆ ಹೀಬ್ರೂವಿನಿಂದ ನಮ್ಮ ಭಾಷೆಗೆ ಬಂದಿದ್ದ ಧರ್ಮಗ್ರಂಥದ ಅನುವಾದವನ್ನು ಪದಪದವಾಗಿ ಪರಿಷ್ಕರಿಸುವುದು ಅಲ್ಲಿನ ಕೆಲಸ. ಅನುಮಾನಕ್ಕೆ ಒಳಗಾದ ಪ್ರತಿಯೊಂದು ಪದಕ್ಕೂ ಒಂದು ಕಾರ್ಡು. ಆ ಪದ ಮೂಲದಲ್ಲಿ ಎಲ್ಲೆಲ್ಲಿ ಬರುತ್ತದೆ, ಅಲ್ಲೆಲ್ಲ ನಮ್ಮವರು ಏನೆಂದು ಬರೆದಿದ್ದಾರೆ ಎಂಬುದನ್ನು ಕಾರ್ಡಿನ ಮೇಲೆ ತುಂಬುವುದು ನನ್ನ ಹೊಣೆ. ನಾನು ಓದಿದ್ದು ಸೂಕ್ಷ್ಮಜೀವಶಾಸ್ತ್ರ. ಹೀಬ್ರೂ ಅಕ್ಷರಗಳನ್ನು ಕೆಲಸಕ್ಕೆ ಸೇರಿದ ಮೇಲೆ, ಬ್ಯಾಕ್ಟೀರಿಯಾಗಳನ್ನು ಗುರುತಿಸಲು ಕಲಿತ ಕ್ರಮದಲ್ಲೇ, ಆಕಾರ ನೋಡಿ ಕಲಿತೆ.

ಸಮಿತಿಯ ಅಧ್ಯಕ್ಷರನ್ನು ಎಲ್ಲರೂ ಧಾತು ಮೇಷ್ಟ್ರು ಎನ್ನುತ್ತಿದ್ದರು. ಚಹಾ ತಣ್ಣಗಾಗಿದೆ ಎಂದರೂ ‘ತಣ್ಣಗೆ’ಯ ಧಾತು ಯಾವುದು ಎಂದು ಹುಡುಕಲು ಹೊರಡುವವರು. ಆದರೆ ಪದದ ತೀರ್ಪನ್ನು ಅವರು ಧಾತುವಿಗೆ ಬಿಡುತ್ತಿರಲಿಲ್ಲ. ನಾನು ಸೇರಿದ ದಿನವೇ ಅವರು ಹೇಳಿದ್ದು ನನ್ನ ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿದೆ: “ಪದ ಸರಿಯೋ ತಪ್ಪೋ ಅಂತ ನಿಘಂಟು ಹೇಳಲ್ಲಮ್ಮ, ಕೇಳಿದವನ ಕಾಲು ಹೇಳುತ್ತೆ. ಆ ಕಾಲದಲ್ಲಿ ಇದನ್ನ ಕೇಳಿದವನು ಎದ್ದು ಏನು ಮಾಡ್ತಿದ್ದನೋ, ಈಗ ಕೇಳಿದವನೂ ಎದ್ದು ಅದನ್ನೇ ಮಾಡಬೇಕು. ಮಾಡಿದರೆ ಪದ ಸರಿ. ಅಷ್ಟೇ.”

ಇದಕ್ಕಾಗಿಯೇ ಕೇಳುಗರ ಪರೀಕ್ಷೆ ಎಂಬ ಕ್ರಮವಿತ್ತು. ಆ ಭಾಗವನ್ನು ಎಂದೂ ಓದಿರದ ಒಬ್ಬರನ್ನು ಕೂರಿಸಿ, ಎರಡು ಸಲ ಓದಿ ಹೇಳಿ, ನಾಲ್ಕು ಪ್ರಶ್ನೆ ಕೇಳಿ, ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು. ಒಬ್ಬರಿಗೆ ಒಂದು ಹಾಳೆ. ಹಾಳೆಯಲ್ಲಿ ಹೆಸರು ಬರೆಯುವಂತಿಲ್ಲ. ವಯಸ್ಸು, ಉದ್ಯೋಗ, ಪರೀಕ್ಷಕರೊಂದಿಗೆ ಸಂಬಂಧ, ಉತ್ತರಕ್ಕೆ ಏನಾದರೂ ಕಾರಣವಿದ್ದರೆ ಆ ಕಾರಣ, ಇಷ್ಟನ್ನು ಬಿಡುವಂತಿಲ್ಲ. ಕೊನೆಯಲ್ಲಿ ‘ತೀರ್ಮಾನ’ ಎಂಬ ಒಂದು ಸಾಲಿನ ಚೌಕ. ಅದನ್ನು ಸಮಿತಿಯ ಮಾತಿನಂತೆ ಪರೀಕ್ಷಕರೇ ತುಂಬಬೇಕು. ಅದರ ಕೆಳಗೆ ಏನನ್ನೂ ಬರೆಯಬಾರದು.

ಮೊದಲನೆಯ ದಿನ ಮೇಷ್ಟ್ರು ಕಾರ್ಡನ್ನು ನನ್ನ ಮೇಜಿನ ಮೇಲಿಟ್ಟರು. “ತ್ಸಾರಅತ್. ನೀನು ವಿಜ್ಞಾನದವಳು, ಚರ್ಮದ ವಿಷಯ ನಿನಗೇ ಇರಲಿ.”

“ಅವಳಿಗೆ ಚರ್ಮ ಕೊಡಬೇಡಿ ಮೇಷ್ಟ್ರೇ,” ಎಂದರು ಬೆರಳಚ್ಚಿನ ಅಕ್ಕ, ಯಂತ್ರದಿಂದ ತಲೆಯೆತ್ತದೆ. “ಸುಲಿದು, ಒಣಗಿಸಿ, ಕಾರ್ಡಿಗೆ ಅಂಟಿಸಿಬಿಡ್ತಾಳೆ.”

ಹಳೆಯ ಅನುವಾದದಲ್ಲಿ ಆ ಪದಕ್ಕೆ ‘ಕುಷ್ಠ’ ಎಂದಿತ್ತು. ಚರ್ಮದ ಮೇಲೆ ಕಲೆ ಕಂಡವನನ್ನು ಪುರೋಹಿತನು ನೋಡಬೇಕು, ಏಳು ದಿನ ಬೇರೆ ಇರಿಸಬೇಕು, ಮತ್ತೆ ನೋಡಬೇಕು, ಮತ್ತೆ ಏಳು ದಿನ. ಹರಡಿರದಿದ್ದರೆ ಶುದ್ಧ, ಹರಡಿದ್ದರೆ ಅವನ ವಾಸ ಪಾಳೆಯದ ಹೊರಗೆ. ಇದು ಆ ಅಧ್ಯಾಯದ ಸಾರ. ನಾನು ಮೂರು ದಿನ ಕಾರ್ಡು ತುಂಬಿದೆ. ಮೂಲದಲ್ಲಿ ಇದೇ ಪದ ಬಟ್ಟೆಗೂ ಬರುತ್ತದೆ, ಮನೆಯ ಗೋಡೆಗೂ ಬರುತ್ತದೆ. ಕಲೆ ಬಿದ್ದ ಬಟ್ಟೆಯನ್ನು ಸುಡಬೇಕು, ಗೋಡೆಯ ಗಾರೆಯನ್ನು ಕೆರೆದು ಊರ ಹೊರಗೆ ಸುರಿಯಬೇಕು. ಅಲ್ಲಿ ನಮ್ಮ ಹಳಬರು ಜಾಣತನದಿಂದ ‘ಬೂಷ್ಟು’ ಎಂದು ಬರೆದು, ‘ಕುಷ್ಠ’ವನ್ನು ಮನುಷ್ಯರಿಗೆ ಮಾತ್ರ ಉಳಿಸಿದ್ದರು. ಕುಷ್ಠದ ಸೂಕ್ಷ್ಮಜೀವಿ ಉಣ್ಣೆಯಲ್ಲಿ ಬೆಳೆಯುವುದಿಲ್ಲ, ಸುಣ್ಣದಲ್ಲಿ ಬೆಳೆಯುವುದಿಲ್ಲ. ಅದು ಏಳು ದಿನಕ್ಕೆ ಹರಡುವುದಿಲ್ಲ. ಲಕ್ಷಣ ಕಾಣಿಸಲೇ ವರ್ಷಗಳು ಬೇಕು. ಮೂಲದಲ್ಲಿ ಹೇಳಿರುವ ಬಿಳಿ ಕೂದಲು ಅದರ ಗುರುತಲ್ಲ. ಅದರ ಮುಖ್ಯ ಗುರುತಾದ ಸ್ಪರ್ಶಜ್ಞಾನದ ನಾಶ ಮೂಲದಲ್ಲಿ ಎಲ್ಲಿಯೂ ಇಲ್ಲ. ಅಲ್ಲಿನ ಪದ ಯಾವ ಕಾಯಿಲೆಯದೋ ನನಗೆ ತಿಳಿಯದು. ಈ ಕಾಯಿಲೆಯದಲ್ಲ ಎಂಬುದು ಮಾತ್ರ ಖಚಿತ. ‘ಮೈಮೇಲಿನ ಕಲೆ’ ಎಂದು ಬದಲಿಸಬೇಕೆಂದು ಬರೆದೆ. ನನ್ನ ಸ್ವಂತ ಸಲಹೆ ಹೊತ್ತ ಮೊದಲ ಕಾರ್ಡು ಅದು.

“ಚೆನ್ನಾಗಿದೆ,” ಎಂದರು ಮೇಷ್ಟ್ರು, ಕನ್ನಡಕವನ್ನು ಹಣೆಗೇರಿಸಿ. “ಆದರೆ ಕೇಳುಗರು?”

ಆ ವೇಳೆಗೆ ಹನ್ನೊಂದು ಜನ ಕೇಳುಗರ ಪರೀಕ್ಷೆ ಮುಗಿದಿತ್ತು. ಹನ್ನೊಂದೂ ಜನ ‘ಕುಷ್ಠ’ ಎಂದೊಡನೆ ಅರ್ಥಮಾಡಿಕೊಂಡಿದ್ದರು. ಅವನನ್ನು ಹೊರಗೆ ಕಳುಹಿಸಿದ್ದು ಸರಿಯೇ ಎಂಬ ಪ್ರಶ್ನೆಗೆ ಹನ್ನೊಂದೂ ಜನ ಸರಿ ಎಂದಿದ್ದರು. ಒಬ್ಬ ಗಡಿಯಾರ ರಿಪೇರಿಯವನು, “ಮತ್ತೇನು ಒಳಗೆ ಕೂರಿಸಿ ಚಹಾ ಕೊಡ್ತಾರಾ?” ಎಂದು ಕೇಳಿದ್ದ. ಅದನ್ನೂ ಬರೆದುಕೊಂಡಿದ್ದೆ.

“ಹನ್ನೆರಡು ಆಗಬೇಕು,” ಎಂದರು ಮೇಷ್ಟ್ರು. “ಹನ್ನೆರಡನೆಯವರು ಬೇರೆ ಮಾತು ಹೇಳಿದರೆ, ಕಾರಣ ಗಟ್ಟಿಯಾಗಿದ್ದರೆ, ಸಮಿತಿಗೆ ಇಡೋಣ. ಇಲ್ಲದಿದ್ದರೆ ನಿನ್ನ ಕಾರ್ಡು ಕಪಾಟಿಗೆ.”

ಹನ್ನೆರಡನೆಯವರು ಯಾರಾಗಬೇಕೆಂದು ನನಗೆ ಆ ಕ್ಷಣವೇ ಗೊತ್ತಿತ್ತು.

ಅತ್ತೆ ಅಪ್ಪನ ಅಕ್ಕ. ಐವತ್ತಮೂರು ವರ್ಷ, ಮದುವೆಯಾಗಿರಲಿಲ್ಲ. ನಾನು ಹುಟ್ಟುವ ಮೊದಲಿನಿಂದ ನಮ್ಮ ಮನೆಯ ಹಿಂಬದಿಯ ಕೋಣೆ ಅವಳದು. ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಯೊಂದರಲ್ಲಿ ಗುಂಡಿ ಹಾಕುವ, ಕಾಜಾ ಹೊಲಿಯುವ ಕೆಲಸ. ಹತ್ತೊಂಬತ್ತು ವರ್ಷದಿಂದ ಅದೇ ಬೆಂಚು, ಅದೇ ಕಿಟಕಿ. ಎಡಗೈಯ ಕೊನೆಯ ಎರಡು ಬೆರಳು ಒಳಕ್ಕೆ ಮಡಚಿಕೊಂಡಿದ್ದವು. ಚಿಕ್ಕಂದಿನಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟದ್ದು ಎಂದು ಎಲ್ಲರಿಗೂ ಹೇಳಿದ್ದಳು. ಅಮ್ಮನೂ ಹಾಗೆಯೇ ನಂಬಿದ್ದಳು. ಸೂಜಿ ಚುಚ್ಚದಂತೆ ಬೆರಳಿಗೆ ತೊಡುವ ಅಂಗುಸ್ತಾನವನ್ನು ಅತ್ತೆ ಹಾಕುತ್ತಿರಲಿಲ್ಲ. ಬೆಂಚಿನ ಹೆಂಗಸರು ಅವಳನ್ನು ‘ಕಬ್ಬಿಣದ ಬೆರಳು’ ಎಂದು ಕರೆಯುತ್ತಿದ್ದರು.

ನನ್ನ ಪದವಿಯ ಎರಡನೆಯ ವರ್ಷದಲ್ಲಿ ಒಂದು ಸಂಜೆ ಸೂಜಿ ಅವಳ ಎಡಗೈಯ ಕಿರುಬೆರಳೊಳಗೆ ಅರ್ಧ ಇಳಿದಿತ್ತು; ಅವಳು ಮಾತಾಡುತ್ತಲೇ ಇದ್ದಳು. ಬಿಳಿ ಬಟ್ಟೆಯ ಮೇಲೆ ಕೆಂಪು ಚುಕ್ಕೆ ಮೂಡಿದಾಗ ನಾನು ನೋಡಿದೆ, ನಾನು ನೋಡಿದ್ದನ್ನು ಅವಳು ನೋಡಿದಳು. “ಭೂತಗನ್ನಡಿ,” ಎಂದಳು. ಮನೆಯಲ್ಲಿ ನನಗಿದ್ದ ಅಡ್ಡಹೆಸರು ಅದು. “ನಿನ್ನ ಕಣ್ಣು ತಪ್ಪಿಸೋಕಾಗಲ್ಲ ಅಂತ ಗೊತ್ತಿತ್ತು ಕಣೆ. ಬಾಗಿಲು ಹಾಕು.”

ಅವಳ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಬೆನ್ನ ಮೇಲೆ ಸ್ಪರ್ಶ ತಿಳಿಯದ ಒಂದು ಮಚ್ಚೆ. ಊರ ಹೊರಗಿನ ಆಸ್ಪತ್ರೆಯಲ್ಲಿ ಹದಿನಾಲ್ಕು ತಿಂಗಳು. ಅಕ್ಕ ಬೇರೆ ಊರಿನಲ್ಲಿ ಹೊಲಿಗೆ ಕಲಿಯುತ್ತಿದ್ದಾಳೆ ಎಂದು ಅಪ್ಪ ಎಲ್ಲರಿಗೂ ಹೇಳಿದ್ದ. ಅದು ಸುಳ್ಳೆನಿಸದಿರಲೆಂದು ಅವಳು ಆಸ್ಪತ್ರೆಯಲ್ಲೇ ಹೊಲಿಗೆ ಕಲಿತು ಬಂದಳು. ಸಂಪೂರ್ಣ ಗುಣವಾಗಿದೆ, ಯಾರಿಗೂ ಹರಡದು ಎಂದು ಬರೆದಿದ್ದ ವೈದ್ಯರ ಕಾಗದ ಹೊಲಿಗೆ ಯಂತ್ರದ ಸೆಳೆಖಾನೆಯಲ್ಲಿ, ಗುಂಡಿಗಳ ಡಬ್ಬಿಯ ತಳದಲ್ಲಿತ್ತು. ಮೂವತ್ತೊಂದು ವರ್ಷದಿಂದ ಅದನ್ನು ಯಾರಿಗೂ ತೋರಿಸಿರಲಿಲ್ಲ. ತೋರಿಸಬೇಕಾದ ದಿನ ಬರದಂತೆ ನೋಡಿಕೊಳ್ಳುವುದೇ ಅವಳ ಬದುಕಾಗಿತ್ತು.

ಎಂಟನೆಯ ದಿನ ನಾನು ಆ ಪದದ ವಿಷಯ ಹೇಳಿ, ಕೇಳುಗರಾಗಿ ಬರುತ್ತೀಯಾ ಎಂದು ಕೇಳಿದೆ. ಅವಳು ಹಲ್ಲಿನಿಂದ ದಾರ ಕಡಿದು ನನ್ನನ್ನೇ ನೋಡಿದಳು.

“ನನ್ನಂಥವಳು ಹೇಳಿದ್ರೆ ದೇವರ ಪುಸ್ತಕದಲ್ಲಿ ಪದ ಬದಲಾಗುತ್ತಾ?”

“ಕಾರಣ ಗಟ್ಟಿಯಾಗಿದ್ರೆ ಆಗುತ್ತೆ.”

“ನಂದು ಗಟ್ಟಿ ಕಾರಣಾನೇ, ಬಿಡು,” ಎಂದು ನಕ್ಕಳು. “ಆ ಪದ ಎಲ್ಲಾದ್ರೂ ಕೇಳಿದ್ರೆ ಈಗಲೂ ನನ್ನ ಕೈ ತಾನಾಗೇ ಸೆರಗಿನ ಒಳಗೆ ಹೋಗುತ್ತೆ. ಅದು ಹೋದ್ರೆ ಒಳ್ಳೇದು. ಬರ್ತೀನಿ.”

ಒಂಬತ್ತನೆಯ ದಿನ ಅವಳು ಒಳ್ಳೆಯ ಸೀರೆಯುಟ್ಟು ಬಂದಳು. ಒಳಕೋಣೆಯಲ್ಲಿ ನಾವಿಬ್ಬರೇ. ನಾನು ಎರಡು ಅಧ್ಯಾಯಗಳನ್ನು ಎರಡು ಸಲ, ಒಂದೇ ವೇಗದಲ್ಲಿ ಓದಿದೆ. ಮೊದಲನೆಯದರಲ್ಲಿ ಮನುಷ್ಯನನ್ನು ಹೊರಗೆ ಕಳುಹಿಸುವ ವಿಧಿ. ಎರಡನೆಯದರಲ್ಲಿ ಗುಣವಾದವನನ್ನು ಒಳಗೆ ಕರೆದುಕೊಳ್ಳುವ ವಿಧಿ. ಪುರೋಹಿತನೇ ಪಾಳೆಯದ ಹೊರಗೆ ಹೋಗಿ, ಅವನನ್ನು ನೋಡಿ, ಗುಣವಾಗಿದ್ದರೆ ಕರೆತರಬೇಕು.

ಅವಳು ಮಧ್ಯದಲ್ಲಿ ಕೈಯೆತ್ತಿದಳು. “ನಿಲ್ಲಿಸು. ಯಾರು ಹೋಗ್ತಾರೆ?”

“ಪುರೋಹಿತ.”

“ಇವನು ಬರೋದಲ್ವಾ? ಅವರೇ ಹೋಗ್ತಾರಾ ಹೊರಗೆ?”

“ಅವರೇ ಹೋಗ್ಬೇಕು.”

ಅತ್ತೆ ಎತ್ತಿದ್ದ ಕೈಯನ್ನು ಮಡಿಲಿಗೆ ಇಳಿಸಿದಳು. “ಆಸ್ಪತ್ರೆಯಿಂದ ನಾನು ಬಸ್ಸಲ್ಲಿ ಒಬ್ಬಳೇ ಬಂದೆ,” ಎಂದಳು. “ನಿಮ್ಮಪ್ಪ ನಿಲ್ದಾಣಕ್ಕೆ ಬರ್ತೀನಿ ಅಂದಿದ್ದ. ಅವತ್ತು ಅವನಿಗೆ ಏನೋ ಕೆಲಸ ಇತ್ತು.”

ಇದು ಪ್ರಶ್ನೆಗೆ ಉತ್ತರವಲ್ಲವಾದ್ದರಿಂದ ಬರೆದುಕೊಳ್ಳಲಿಲ್ಲ. ಅವನನ್ನು ಹೊರಗೆ ಕಳುಹಿಸಿದ್ದು ಸರಿಯೇ ಎಂಬ ಮೂರನೆಯ ಪ್ರಶ್ನೆಗೆ ಅವಳು ಕೊಟ್ಟ ಉತ್ತರ ಹಾಳೆಯಲ್ಲಿ ಹೀಗಿದೆ: “ಕಲೆ ಅಂದಿದ್ರೆ ನೋಡಿ ತೀರ್ಮಾನ ಮಾಡ್ತಿದ್ರು. ಕುಷ್ಠ ಅಂದ್ಮೇಲೆ ಯಾರೂ ನೋಡೋಕೇ ಹೋಗಲ್ಲ. ಮುಂದಿನ ಅಧ್ಯಾಯ ಯಾರೂ ಓದಲ್ಲ.”

ಹನ್ನೆರಡು ಹಾಳೆಗಳಲ್ಲಿ ಅದಕ್ಕಿಂತ ಉತ್ತಮವಾದ ಉತ್ತರವಿರಲಿಲ್ಲ. ನಾನು ಕಾರಣದ ಚೌಕಕ್ಕೆ ಬಂದೆ: ‘ಕೇಳುಗರು ಮೂವತ್ತೊಂದು ವರ್ಷಗಳ ಹಿಂದೆ ಕುಷ್ಠರೋಗಕ್ಕೆ ಚಿಕಿತ್ಸೆ ಪಡೆದವರು, ಸಂಪೂರ್ಣ ಗುಣಮುಖರು, ಎಡಗೈಯ ಎರಡು ಬೆರಳು ಬಾಗಿವೆ, ಆ ಕೈಗೆ ಸ್ಪರ್ಶವಿಲ್ಲ.’

ಅವಳು ತಲೆಕೆಳಗಾಗಿಯೇ ಓದಿದಳು. “ಅದನ್ನೂ ಬರೀಬೇಕಾ?”

“ಬರೀದಿದ್ರೆ ಉತ್ತರಕ್ಕೆ ತೂಕ ಇರಲ್ಲ ಅತ್ತೆ. ಹೆಸರು ಎಲ್ಲೂ ಬರಲ್ಲ.”

“ಎಲ್ಲೂ?”

“ಎಲ್ಲೂ.”

“ಸರಿ ಹಾಗಿದ್ರೆ. ಆ ಪದ ತೆಗೀತಾರೆ ತಾನೆ?”

“ತೆಗೀತಾರೆ,” ಎಂದೆ.

ಹೆಸರು ಎಲ್ಲಿಯೂ ಬರಲಿಲ್ಲ. ಹಾಳೆಯಲ್ಲಿ ಬಂದದ್ದು: ಹೆಣ್ಣು, ಐವತ್ತಮೂರು, ಶಾಲಾ ಸಮವಸ್ತ್ರದ ಕಾರ್ಖಾನೆಯಲ್ಲಿ ಕಾಜಾ ಕೆಲಸ, ಹತ್ತೊಂಬತ್ತು ವರ್ಷ ಸೇವೆ, ಪರೀಕ್ಷಕರ ತಂದೆಯ ಅಕ್ಕ. ಪ್ರತಿಯೊಂದು ವಿವರವೂ ನಿಯಮದಂತೆ ಕಡ್ಡಾಯ, ಪ್ರತಿಯೊಂದೂ ನಿಖರ. ನಿಯಮದಂತೆಯೇ ಸಮಿತಿಗೆ ಬರುವ ಹಾಳೆಯ ಪ್ರತಿ ಹದಿನೆಂಟು ಜನ ಹೊರಗಿನ ಓದುಗರಿಗೆ ಹೋಗಬೇಕು. ಆ ಹದಿನೆಂಟರಲ್ಲಿ ಅತ್ತೆಯ ಕಾರ್ಖಾನೆಯ ಯಜಮಾನಿಯೂ ಒಬ್ಬರು. ಈ ಕಚೇರಿಯಲ್ಲಿ ಕೆಲಸ ಖಾಲಿಯಿದೆ ಎಂದು ಅತ್ತೆಗೆ ಹೇಳಿದವರೇ ಅವರು. ಇದು ನನಗೆ ತಿಳಿದಿತ್ತು. ಹನ್ನೆರಡನೆಯ ದಿನ ವಿಳಾಸದ ಚೀಟಿ ಅಂಟಿಸುವಾಗ ನೆನಪಿನಲ್ಲೂ ಇತ್ತು. ಹಿಂದಿನ ಆರು ಕಟ್ಟುಗಳು ಅವರಿಂದ ಸಹಿ ಮಾತ್ರ ಹೊತ್ತು ಮರಳಿದ್ದವು. ಒಂದು ಅಡಿಗೆರೆಯೂ ಇರಲಿಲ್ಲ. ಅವರು ಓದುವುದಿಲ್ಲ ಎಂದು ನಾನು ನಿರ್ಣಯಿಸಿದೆ. ಅವರು ಆರನ್ನೂ ಪೂರ್ತಿ ಓದಿದ್ದರು. ಆಕ್ಷೇಪಿಸುವಂಥದ್ದು ಏನೂ ಇರಲಿಲ್ಲ, ಅಷ್ಟೇ.

ಹದಿನಾರನೆಯ ದಿನ ಅತ್ತೆ ಮಧ್ಯಾಹ್ನವೇ ಮನೆಗೆ ಬಂದಳು. ಒಂದು ವಾರ ರಜೆ ಕೊಟ್ಟಿದ್ದಾರೆ ಎಂದಳು. ಕೇಳದೆ ಕೊಟ್ಟ ರಜೆ.

ಇಪ್ಪತ್ತಮೂರನೆಯ ದಿನ ನಾನೂ ಜೊತೆಗೆ ಹೋದೆ. ಕಾರ್ಖಾನೆ ಉದ್ದನೆಯ ಒಂದೇ ಕೋಣೆ. ಎರಡು ಸಾಲು ಯಂತ್ರ, ನಡುವೆ ಕತ್ತರಿಸುವ ಮೇಜು. ನಾವು ಒಳಗೆ ಬಂದಂತೆ ಯಂತ್ರಗಳು ಒಂದೊಂದಾಗಿ ನಿಂತವು. ಯಜಮಾನಿ ಮೇಜಿನ ಆಚೆ ನಿಂತಿದ್ದರು, ಸರಪಳಿಗೆ ಕಟ್ಟಿದ ಕನ್ನಡಕ, ಕೈಯಲ್ಲಿ ನಾಲ್ಕು ಮಡಿಕೆಯ ನನ್ನ ಹಾಳೆ. ಅದರ ನೀಲಿ ಅಂಚು ನನಗೆ ಗುರುತಾಯಿತು.

“ಕೈ ಚಾಚಿ,” ಎಂದರು. ಅತ್ತೆ ಚಾಚಿದಳು. ಅವರು ಬಟ್ಟೆ ಅಳೆಯುವ ಮರದ ಗಜಕೋಲು ತೆಗೆದುಕೊಂಡು, ಅದರ ತುದಿಯಿಂದ ಅತ್ತೆಯ ಕೈಯನ್ನು ತಿರುವಿ ಹಾಕಿ, ಅಂಗೈ ನೋಡಿದರು, ಮತ್ತೆ ತಿರುವಿ ಹಿಂಗೈ ನೋಡಿದರು.

“ಕಾಗದ ಇದೆ ಅಮ್ಮಾವ್ರೇ,” ಎಂದು ಅತ್ತೆ ಗುಂಡಿ ಡಬ್ಬಿಯ ತಳದ ಆ ಕಾಗದವನ್ನು ಮೇಜಿನ ಮೇಲಿಟ್ಟಳು. “ಡಾಕ್ಟ್ರು ಬರೆದಿದ್ದು. ಗುಣ ಆಗಿದೆ ಅಂತ.”

ಅವರು ಅದನ್ನೂ ಗಜಕೋಲಿನಿಂದಲೇ ಅತ್ತೆಯ ಕಡೆಗೆ ಸರಿಸಿದರು. “ಹಳೇ ಕಾಗದ. ಇನ್ನೊಂದು ವಾರ ನೋಡೋಣ. ನಾನು ಅವಸರದವಳಲ್ಲ.”

ನಾನು ಮಾತಾಡಿದೆ. ಚಿಕಿತ್ಸೆ ಆರಂಭವಾದ ಕೆಲವೇ ದಿನಗಳಲ್ಲಿ ಸೋಂಕು ಹರಡುವುದು ನಿಲ್ಲುತ್ತದೆ, ಹೆಚ್ಚಿನವರ ದೇಹಕ್ಕೆ ಅದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ, ಹತ್ತೊಂಬತ್ತು ವರ್ಷದಲ್ಲಿ ಈ ಕೋಣೆಯ ಒಬ್ಬರಿಗೂ ಬಂದಿಲ್ಲ ಎಂದೆ.

“ನೀನೇ ತಾನೆ ಬರೆದಿದ್ದು?” ಎಂದು ಯಜಮಾನಿ ಹಾಳೆಯನ್ನು ಎತ್ತಿ ತೋರಿಸಿದರು. “ಅಕ್ಷರ ಬಹಳ ಸ್ಪಷ್ಟವಾಗಿದೆ.”

ಕಾಲರ್ ಹೊಲಿಯುವ ಹೆಂಗಸು ತನ್ನ ನೀರಿನ ಬಾಟಲಿಯನ್ನು ಎತ್ತಿ ಹಿಡಿದಳು. “ಎಷ್ಟು ವರ್ಷ ಇದ್ರಲ್ಲಿ ಕುಡಿದ್ಯೇ, ಕಬ್ಬಿಣದ ಬೆರಳು? ಸೂಜಿ ಚುಚ್ಚಿದ್ರೂ ನಗ್ತಿದ್ಯಲ್ಲ, ನಾವು ಧೈರ್ಯ ಅಂದ್ಕೊಂಡಿದ್ವಿ!”

ಯಾರೋ ನಕ್ಕರು. ಬಾಟಲಿ ಕಸದ ಡಬ್ಬಕ್ಕೆ ಬಿತ್ತು.

ಮೂವತ್ತನೆಯ ದಿನ ಯಜಮಾನಿ ಮತ್ತೆ ಕೈ ನೋಡಿದರು. ಏನೂ ಬದಲಾಗಿರಲಿಲ್ಲ, ಬದಲಾಗುವಂಥದ್ದು ಮೂವತ್ತೊಂದು ವರ್ಷದಿಂದ ಏನೂ ಇರಲಿಲ್ಲ. “ಹರಡಿಲ್ಲ, ನಿಜ,” ಎಂದರು. “ಪುಸ್ತಕದಲ್ಲಿರೋ ಹಾಗೇ ನೋಡಿದ್ದೀನಿ. ಆದರೆ ಶುದ್ಧ ಅಂತ ಹೇಳೋಕೆ ನಾನು ಪುರೋಹಿತೆಯಲ್ಲ. ಆ ಅಧಿಕಾರ ನನಗಿಲ್ಲ. ಹೊರಗೆ ಕಳಿಸೋ ಅಧಿಕಾರ ಇದೆ.” ಅತ್ತೆ ಕೊನೆಯದಾಗಿ ಕಾಜಾ ಮಾಡಿಟ್ಟಿದ್ದ ಅರವತ್ತನಾಲ್ಕು ಅಂಗಿಗಳನ್ನು ಹಿತ್ತಿಲಿನ ತಗಡಿನ ಪೀಪಾಯಿಯಲ್ಲಿ ಸುಟ್ಟಿದ್ದರು. ನಾವು ಹೊರಡುವಾಗ ಬೂದಿ ಇನ್ನೂ ಬೆಚ್ಚಗಿತ್ತು. ಅತ್ತೆ ನಿಂತು ನೋಡಿದಳು. “ಗುಂಡಿ ಸುಟ್ಟಿಲ್ಲ ನೋಡು,” ಎಂದಳು. “ಗುಂಡಿ ಕಿತ್ತಿಟ್ಕೊಂಡು ಬಟ್ಟೆ ಸುಟ್ಟಿದ್ದಾರೆ.”

ಅಮ್ಮನಿಗೆ ಆ ಹೊತ್ತಿಗೆ ಎಲ್ಲವೂ ತಿಳಿದಿತ್ತು. ಇಪ್ಪತ್ತಾರು ವರ್ಷ ಒಂದೇ ತಟ್ಟೆಯಲ್ಲಿ ಹಂಚಿಕೊಂಡು ತಿಂದವಳು, ಈಗ ಒಂದು ಲೋಟಕ್ಕೆ ಕೆಂಪು ದಾರ ಕಟ್ಟಿ ಕಿಟಕಿಯಲ್ಲಿ ಬೇರೆ ಇಟ್ಟಿದ್ದಳು. “ತಪ್ಪು ತಿಳೀಬೇಡಿ ಅತ್ತಿಗೆ,” ಎಂದಳು. “ನಂಗೇನೂ ಇಲ್ಲ. ಮನಸ್ಸಿಗೆ ಒಂದು ಸಮಾಧಾನ.”

“ಗಂಟು ಸಡಿಲ ಆಗಿದೆ,” ಎಂದು ಅತ್ತೆ ಆ ಕೆಂಪು ದಾರವನ್ನು ಬಿಚ್ಚಿ, ಬಿಗಿಯಾಗಿ ಕಟ್ಟಿಕೊಟ್ಟಳು.

ಮೂವತ್ತೊಂದನೆಯ ದಿನ ಸುದ್ದಿ ತಿಳಿದು ಕೆಳಗಿನ ಮನೆಯಿಂದ ಮಾಲೀಕರು ಮೇಲೆ ಬಂದರು. ಚಪ್ಪಲಿ ಬಿಡಲಿಲ್ಲ. ಹಿಂಬದಿಯ ಕೋಣೆಯ ಬಾಗಿಲಲ್ಲೇ ನಿಂತು ಗೋಡೆಗಳನ್ನು ನೋಡಿದರು. ನಾನು ಅವರಿಗೂ ವಿವರಿಸಿದೆ, ಅದೇ ಕ್ರಮದಲ್ಲಿ.

“ನೀವು ಓದಿದವರು, ಹೇಳ್ತೀರಿ, ಒಪ್ತೀನಿ,” ಎಂದರು. “ಆದರೆ ಗೋಡೆ ನನ್ನದಲ್ವಾ? ಗಾರೆ ಕೆರೆಸಿ ಹೊಸದಾಗಿ ಮಾಡಿಸ್ತೀನಿ. ಕೆಲಸದವರು ಶುಕ್ರವಾರ ಬರ್ತಾರೆ. ಆ ಕೋಣೆಯವರು ಅಷ್ಟರಲ್ಲಿ ಇಲ್ಲದೇ ಇದ್ರೆ ನೀವು ಉಳಿದವರು ಇರಬಹುದು.”

ಅಪ್ಪ ಅವರನ್ನು ಮೆಟ್ಟಿಲವರೆಗೆ ಬಿಟ್ಟು ಬಂದ. ನನ್ನ ಮೇಲೆ ಕೂಗಾಡುತ್ತಾನೆ ಎಂದುಕೊಂಡಿದ್ದೆ. ಅವನು ಕುರ್ಚಿಯಲ್ಲಿ ಕುಳಿತು ಮೆಲ್ಲಗೆ ಹೇಳಿದ: “ಮೂವತ್ತೊಂದು ವರ್ಷ ನಾನು ಬಾಯಿ ಬಿಟ್ಟಿರಲಿಲ್ಲ. ಕಟ್ಕೊಂಡವಳಿಗೂ ಹೇಳಿರಲಿಲ್ಲ. ನೀನು ಒಂದು ಹಾಳೇಲಿ ಬರೆದು ಹದಿನೆಂಟು ಮನೆಗೆ ಅಂಚೆ ಹಾಕಿದೆ. ಅಂಚೆಚೀಟಿ ಸರಿಯಾಗಿ ಅಂಟಿಸಿದ್ಯಾ ಭೂತಗನ್ನಡಿ?”

“ಅಪ್ಪ, ಅತ್ತೆ ಎಲ್ಲಿ ಹೋಗ್ತಾಳೆ?”

“ಅದು ನಿಂಗೆ ಮುಂಚೆ ಹೊಳೀಬೇಕಿತ್ತು.” ಆಮೇಲೆ ಗೋಡೆಯ ಕಡೆಗೆ ತಿರುಗಿ, “ನಾನೂ ಹೇಳಲ್ಲ ಹೋಗು ಅಂತ,” ಎಂದ. ಇರು ಎಂದೂ ಅವನು ಹೇಳಲಿಲ್ಲ. ಹೇಳಿದ್ದರೆ ಅವಳು ಇರುತ್ತಿದ್ದಳೋ ಏನೋ. ಆ ಪರೀಕ್ಷೆ ನಡೆಯಲಿಲ್ಲ.

ಶುಕ್ರವಾರ ಬೆಳಿಗ್ಗೆ, ಗಾರೆಯವರು ಬರುವ ಮೊದಲು, ಅವಳು ಹೊಲಿಗೆ ಯಂತ್ರದ ತಲೆಭಾಗವನ್ನು ಒಂದು ಚೀಲದಲ್ಲಿ, ಬಟ್ಟೆಗಳನ್ನು ಇನ್ನೊಂದರಲ್ಲಿ ಹಾಕಿಕೊಂಡು ಇಳಿದಳು. ಹಳೆಯ ಆಸ್ಪತ್ರೆಯ ಪಕ್ಕದಲ್ಲಿ ಎಲ್ಲಿಯೂ ಜಾಗವಿಲ್ಲದವರ ಆಶ್ರಯವೊಂದು ಉಳಿದಿತ್ತು. ಬಸ್ಸಿನ ಕೊನೆಯ ನಿಲ್ದಾಣದಿಂದಲೂ ಇಪ್ಪತ್ತು ನಿಮಿಷ ನಡೆಯಬೇಕು. ಅಪ್ಪ ನಿಲ್ದಾಣಕ್ಕೆ ಬರುತ್ತೇನೆ ಎಂದ. ಅಂಗಿಯನ್ನೂ ಹಾಕಿಕೊಂಡ. ಅಷ್ಟರಲ್ಲಿ ಗಾರೆಯವರು ಬಂದರು, ಅವರಿಗೆ ಕೋಣೆ ತೋರಿಸಬೇಕಾಯಿತು.

ಮೂವತ್ತೆಂಟನೆಯ ದಿನ ನಾನು ಅಲ್ಲಿಗೆ ಹೋದೆ. ಹೋದ ಕಾರಣವನ್ನು ಸರಿಯಾಗಿ ಹೇಳಬೇಕು. ಯಾವುದಾದರೂ ಹಾಳೆಯಿಂದ ಕೇಳುಗರ ಮೇಲೆ ಪರಿಣಾಮವಾಗಿದ್ದರೆ, ‘ನಂತರದ ಘಟನೆಗಳು’ ಎಂಬ ಟಿಪ್ಪಣಿಯನ್ನು ದಿನಾಂಕಸಹಿತ ಲಗತ್ತಿಸಿ, ಕೇಳುಗರ ಸಹಿ ಪಡೆಯಬೇಕೆಂಬ ನಿಯಮವಿದೆ. ನಾನು ಟಿಪ್ಪಣಿ ಬರೆದಿದ್ದೆ: ಹದಿನಾರು, ಇಪ್ಪತ್ತಮೂರು, ಮೂವತ್ತು, ಮೂವತ್ತಮೂರು, ಗಜಕೋಲು, ಅಂಗಿ, ಗಾರೆ. ಇದಕ್ಕಿಂತ ಬಲವಾದ ಸಾಕ್ಷ್ಯ ಯಾವ ಕಾರ್ಡಿಗೂ ಇರಲಿಲ್ಲ. ಒಂದು ತಪ್ಪು ಪದ ಒಬ್ಬ ಹೆಂಗಸಿಗೆ ಏನು ಮಾಡಿತೆಂದು ಓದಿದ ಮೇಲೆ ಸಮಿತಿ ಅದನ್ನು ಉಳಿಸಲಾರದು ಎಂದು ನಂಬಿದ್ದೆ.

ಅತ್ತೆ ಉದ್ದನೆಯ ಹಜಾರದ ಕೊನೆಯ ಮಂಚದಲ್ಲಿ ಕುಳಿತು ಹಾಸಿಗೆಯ ಅಂಚು ಹೊಲಿಯುತ್ತಿದ್ದಳು. ನನ್ನನ್ನು ನೋಡಿದೊಡನೆ ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿ ಎದ್ದು ನಿಂತಳು.

“ಬಂದೆಯಾ! ಪಾಳೆಯದ ಹೊರಗೆ ಬಂದು ನೋಡೋರು. ನಿನ್ನ ಪುಸ್ತಕದಲ್ಲಿ ಇದ್ದ ಹಾಗೇ ಆಯ್ತು ನೋಡು.” ಅವಳ ಕೈ ಆಗಲೇ ಮಂಚದ ಕೆಳಗಿನ ಚೀಲದ ಕಡೆಗೆ ಹೋಗಿತ್ತು. ಆಮೇಲೆ ನನ್ನ ಕೈಯಲ್ಲಿದ್ದ ನೀಲಿ ಅಂಚಿನ ಹಾಳೆಯನ್ನು ಕಂಡಳು. ಚೀಲವನ್ನು ಬಿಟ್ಟಳು. “ಕರ್ಕೊಂಡು ಹೋಗೋಕೆ ಬಂದಿದ್ದಲ್ಲ. ನೋಡೋಕೆ ಬಂದಿದ್ದು.”

“ಸಹಿ ಬೇಕಿತ್ತು ಅತ್ತೆ. ಶನಿವಾರ ಸಮಿತಿ. ಇದು ಹೋದ್ರೆ ಪದ ಖಂಡಿತ ಹೋಗುತ್ತೆ.”

ಅವಳು ಟಿಪ್ಪಣಿಯನ್ನು ಓದಿದಳು. ಅರ್ಧಕ್ಕೆ ನಿಲ್ಲಿಸಿ, “ಅರವತ್ತನಾಲ್ಕಲ್ಲ, ಅರವತ್ತೈದು. ಒಂದು ನನ್ನ ಮಡಿಲಲ್ಲಿ ಇತ್ತು,” ಎಂದಳು. ನಾನು ತಿದ್ದಿದೆ. “ಸಹಿಯಾ, ಹೆಬ್ಬೆಟ್ಟಾ?”

“ಯಾವುದಾದ್ರೂ.”

“ಹೆಬ್ಬೆಟ್ಟು ಅಂದ್ರೆ ಎಡಗೈದು ತಾನೆ? ಇರೋದನ್ನ ಉಪಯೋಗಿಸೋಣ.” ಶಾಯಿಯ ಪಟ್ಟಿಯ ಮೇಲೆ ಒತ್ತಿ, ಹಾಳೆಯ ಮೇಲಿಟ್ಟಳು, ಎಷ್ಟು ಒತ್ತಬೇಕೆಂದು ಗೊತ್ತಾಗದೆ ಹಾಳೆ ಹರಿಯುವಷ್ಟು ಒತ್ತಿದಳು. “ಸರಿಯಾಗಿ ಬಿದ್ದಿದೆಯಾ ನೋಡು. ನಂಗೆ ಗೊತ್ತಾಗಲ್ಲ.”

ಸರಿಯಾಗಿ ಬಿದ್ದಿತ್ತು. ಹೊರಡುವಾಗ ಅವಳು ಒಂದೇ ಮಾತು ಕೇಳಿದಳು: “ತೆಗೀತಾರೆ ತಾನೆ?”

ಶನಿವಾರ ಹನ್ನೊಂದು ಗಂಟೆಗೆ ಮೇಷ್ಟ್ರು, ಸಮಿತಿಯ ನಾಲ್ವರು ಸದಸ್ಯರು ಕುಳಿತರು. ಬೆರಳಚ್ಚಿನ ಅಕ್ಕ ನಡಾವಳಿ ಬರೆಯಲು ಮೂಲೆಯಲ್ಲಿದ್ದರು. ನಾನು ಕಾರ್ಡು ಓದಿದೆ. ಬಟ್ಟೆ, ಗೋಡೆ, ಏಳು ದಿನ, ಬಿಳಿ ಕೂದಲು. ಯಾರೂ ಅಲ್ಲಗಳೆಯಲಿಲ್ಲ. ಹನ್ನೆರಡನೆಯ ಹಾಳೆ ಓದಿದೆ. ಟಿಪ್ಪಣಿ ಓದಿದೆ. ಗಜಕೋಲಿನ ಸಾಲು ಬಂದಾಗ ಬೆರಳಚ್ಚಿನ ಅಕ್ಕ ಬರೆಯುವುದನ್ನು ನಿಲ್ಲಿಸಿದ್ದರು. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿದರು.

“ಇದು ಬಹಳ ಒಳ್ಳೆಯ ಟಿಪ್ಪಣಿ,” ಎಂದರು. “ಇಪ್ಪತ್ತು ವರ್ಷದಲ್ಲಿ ಇಂಥದ್ದು ನೋಡಿಲ್ಲ. ಅದು ಈ ಕಾಯಿಲೆ ಅಲ್ಲ ಅನ್ನೋದನ್ನ ನಾನೂ ಒಪ್ತೀನಮ್ಮ. ಆದರೆ ಕಾಯಿಲೆ ಹೆಸರು ಹೇಳೋದು ಆ ಅಧ್ಯಾಯದ ಕೆಲಸ ಅಲ್ಲ. ಆ ಪದ ಕೇಳಿದ ಜನ ಏನು ಮಾಡ್ತಿದ್ರು? ಏಳು ದಿನ ಬೇರೆ ಇಡ್ತಿದ್ರು. ಮತ್ತೆ ನೋಡಿ ಮತ್ತೆ ಏಳು ದಿನ. ಬಟ್ಟೆ ಸುಡ್ತಿದ್ರು. ಗಾರೆ ಕೆರೀತಿದ್ರು. ಊರ ಹೊರಗೆ ಕಳಿಸ್ತಿದ್ರು. ಈಗ ನೀನೇ ದಿನಾಂಕ ಹಾಕಿ ಬರೆದಿದ್ದೀಯ. ಒಂದಾದರೂ ಬಿಟ್ಟಿದೆಯಾ?”

“ಹರಡದಿದ್ರೆ ಶುದ್ಧ ಅಂತ ಹೇಳಬೇಕಿತ್ತು ಮೇಷ್ಟ್ರೇ. ಹರಡಿರಲಿಲ್ಲ. ಗುಣ ಆದವರನ್ನ ಹೊರಗೆ ಹೋಗಿ ಕರ್ಕೊಂಡು ಬರಬೇಕಿತ್ತು. ಅದನ್ನ ಯಾರೂ ಮಾಡಲಿಲ್ಲ.”

“ಶುದ್ಧ ಅಂತ ಹೇಳೋದು ಪುರೋಹಿತರ ಕೆಲಸ. ಕರ್ಕೊಂಡು ಬರೋದು ಮುಂದಿನ ಅಧ್ಯಾಯ. ಅದು ಇವತ್ತಿನ ಕಾರ್ಯಸೂಚಿಯಲ್ಲಿಲ್ಲ.” ಅವರ ದನಿಯಲ್ಲಿ ನಿಜವಾದ ಮರುಕವಿತ್ತು. “‘ಮೈಮೇಲಿನ ಕಲೆ’ ಅಂತ ಓದಿದ್ದರೆ ಆ ಯಜಮಾನಿ ಗಜಕೋಲು ಎತ್ತುತ್ತಿದ್ದಳಾ? ನೀನೇ ಹೇಳು.”

“ಇಲ್ಲ,” ಎಂದೆ.

ನಾಲ್ವರೂ ಕೈಯೆತ್ತಿದರು. ಮೇಷ್ಟ್ರು ನನ್ನ ಕಡೆಗೆ ಲೇಖನಿ ಸರಿಸಿದರು. ಹಾಳೆಗೆ ಲಗತ್ತಿಸಿದ್ದ ಟಿಪ್ಪಣಿಯ ಬಲಭಾಗದಲ್ಲಿ ಅತ್ತೆಯ ಹೆಬ್ಬೆಟ್ಟಿನ ಗೆರೆಗಳು ಒಣಗಿದ್ದವು. ನಾನು ಅವರ ಮಾತಿನಂತೆ, ಸ್ಪಷ್ಟ ಅಕ್ಷರದಲ್ಲಿ, ಚೌಕದೊಳಗೆ ಬರೆದೆ.

ತೀರ್ಮಾನ: ‘ಕುಷ್ಠ’ ಎಂಬ ಪದವು ಮೂಲದ ಪರಿಣಾಮವನ್ನು ಪೂರ್ಣವಾಗಿ ಉಂಟುಮಾಡಿದೆ, ಅನುವಾದ ಸರಿಯಾಗಿದೆ.